ಓದಿ ಒಪ್ಪುವ ಮೊದಲು ನಡೆಸಿ ನೋಡಿ: ಕ್ಲಸ್ಟರ್ ಕಟ್ಟುವ ಕೈಪಿಡಿಗಳನ್ನು ಪರಿಶೀಲಿಸುವ, ತಿದ್ದುವ ಕ್ರಮ

ಕ್ಲೌಡ್ ತಂತ್ರಾಂಶದ ಇನ್‌ಸ್ಟಾಲ್ ಕೈಪಿಡಿ ಒಂದಕ್ಷರವೂ ಬದಲಾಗದೆ ಕೆಟ್ಟುಹೋಗಬಲ್ಲದು. ಹಲವು ಯಂತ್ರಗಳನ್ನು ಒಂದು ಗುಂಪಾಗಿ (ಕ್ಲಸ್ಟರ್) ಕಟ್ಟಿ, ಕಂಟೈನರ್ ಎಂಬ ಪೊಟ್ಟಣಗಳಲ್ಲಿಟ್ಟ ತಂತ್ರಾಂಶವನ್ನು ಅವುಗಳ ಮೇಲೆ ನಡೆಸುವ ಕುಬರ್ನೆಟೀಸ್‌ನ ಉದಾಹರಣೆಯನ್ನೇ ನೋಡಿ. 2023ರ ನಡುಭಾಗದವರೆಗೆ ಬರೆದ ಬಹುತೇಕ ಕೈಪಿಡಿಗಳು ಗೂಗಲ್‌ನ ಮೂಲಸೌಕರ್ಯದಲ್ಲಿದ್ದ ಪ್ಯಾಕೇಜ್ ಭಂಡಾರದ ವಿಳಾಸವನ್ನು ಕೊಡುತ್ತಿದ್ದವು. ಆ ವರ್ಷದ ಆಗಸ್ಟ್‌ನಲ್ಲಿ ಸಮುದಾಯವೇ ನಡೆಸುವ ಹೊಸ ಭಂಡಾರ ಬಂತು. ಸೆಪ್ಟೆಂಬರ್ 13ರಂದು ಹಳೆಯದಕ್ಕೆ ಹೊಸ ಪ್ಯಾಕೇಜ್ ಸೇರಿಸುವುದು ನಿಂತಿತು. 2024ರ ಮಾರ್ಚ್‌ನಲ್ಲಿ ಅದನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ತೆಗೆದ ಮೇಲೆ ಕಮಾಂಡ್ ಸೋಲುತ್ತದೆ; ಏನೋ ಸರಿಯಿಲ್ಲವೆಂದು ಓದುಗರಿಗೆ ತಿಳಿಯುತ್ತದೆ. ಅದಕ್ಕೂ ಮುಂಚಿನ ತಿಂಗಳುಗಳೇ ಹೆಚ್ಚು ಅಪಾಯಕಾರಿ. ಕಮಾಂಡ್ ಸರಾಗವಾಗಿ ನಡೆಯುತ್ತಿತ್ತು, ಆದರೆ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 1.29ನೇ ಆವೃತ್ತಿ ಅಲ್ಲಿ ಸಿಗುತ್ತಲೇ ಇರಲಿಲ್ಲ. ಒಂದು ದೋಷ ಸಂದೇಶವೂ ಇಲ್ಲದೆ, ಹೊಸದನ್ನೇ ಹಾಕಿಕೊಂಡೆವೆಂದು ನಂಬಿದವರ ಯಂತ್ರದಲ್ಲಿ ಹಳೆಯದು ಕೂತಿರುತ್ತಿತ್ತು.

ಆ ಕೈಪಿಡಿಗಳನ್ನು ಎಷ್ಟು ಸಲ ಓದಿದರೂ ಈ ದೋಷ ಕಣ್ಣಿಗೆ ಬೀಳುತ್ತಿರಲಿಲ್ಲ. ವಾಕ್ಯಗಳು ಸರಿ, ಕ್ರಮ ಸರಿ, ಕಾಗುಣಿತ ಸರಿ. ಯಂತ್ರದ ಮೇಲೆ ನಡೆಸಿ, ಬಂದ ಆವೃತ್ತಿಯನ್ನು ನೋಡಿದವರಿಗೆ ಮಾತ್ರ ಗೊತ್ತಾಗುವ ಸಂಗತಿ ಇದು. ನಾನು ಬಲವಾಗಿ ಹೇಳಬೇಕೆಂದಿರುವುದೂ ಇದನ್ನೇ: ಡಿಪ್ಲಾಯ್‌ಮೆಂಟ್ ಕೈಪಿಡಿಯ ಪರಿಶೀಲನೆ ಟರ್ಮಿನಲ್‌ನಲ್ಲಿ ಆರಂಭವಾಗಬೇಕು, ಭಾಷೆಯ ತಿದ್ದುಪಡಿ ಆಮೇಲೆ ಬರಬೇಕು. ನಮ್ಮ ಹೆಚ್ಚಿನ ತಂಡಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಅಲ್ಪವಿರಾಮ ತಿದ್ದಿ, "ಚೆನ್ನಾಗಿದೆ" ಎಂದು ಒಪ್ಪಿಗೆ ಒತ್ತಿ ಮುಂದೆ ಹೋಗುತ್ತಾರೆ.

ಈ ಬರಹದುದ್ದಕ್ಕೂ ಕ್ಯೂಬ್‌ಎಡಿಎಂ (ಕ್ಲಸ್ಟರ್ ಕಟ್ಟಿಕೊಡುವ ಸಾಧನ) ಬಳಸಿ ಕುಬರ್ನೆಟೀಸ್ ಕ್ಲಸ್ಟರ್ ಕಟ್ಟುವ ಕೈಪಿಡಿಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ನೀವು ತಿದ್ದುತ್ತಿರುವುದು ಯೋಜನೆಯ ಅಧಿಕೃತ ಪುಟವಾಗಿರಬಹುದು, ನಿಮ್ಮ ಕಂಪನಿಯ ಒಳಗಿನ ವಿಕಿ ಪುಟವಾಗಿರಬಹುದು, ಕ್ರಮ ಒಂದೇ.

ಮೊದಲ ಹೆಜ್ಜೆ: ಪುಟ ಯಾರಿಗೆ, ಯಾವ ಆವೃತ್ತಿಗೆ

ಕುಬರ್ನೆಟೀಸ್ ತನ್ನ ಡಾಕ್ಯುಮೆಂಟೇಶನ್ ಪುಟಗಳನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸಿದೆ: ಪರಿಕಲ್ಪನೆ ವಿವರಿಸುವವು, ಒಂದು ಕೆಲಸವನ್ನು ಮಾಡಿಸುವವು, ಪಾಠದಂತೆ ಕಲಿಸುವವು, ಆಕರವಾಗಿ ಬಳಸುವವು. ಕೈಯಲ್ಲಿರುವ ಪುಟ ಇವುಗಳಲ್ಲಿ ಯಾವುದೆಂದು ಮೊದಲು ನಿರ್ಧರಿಸಿ. ಕ್ಲಸ್ಟರ್ ಕಟ್ಟುವ ಪುಟ ಕೆಲಸ ಮಾಡಿಸುವ ಬಗೆಯದು. ಅದರ ನಡುವೆ ಇಟಿಸಿಡಿಯ (ಕ್ಲಸ್ಟರಿನ ಸ್ಥಿತಿಯನ್ನು ಕಾಯ್ದಿಡುವ ದತ್ತಾಂಶ ಭಂಡಾರ) ಒಳರಚನೆಯನ್ನು ಮೂರು ಪ್ಯಾರಾಗಳಲ್ಲಿ ವಿವರಿಸಿದ್ದರೆ ಆ ವಿವರಣೆ ಎಷ್ಟೇ ಚೆಂದವಿದ್ದರೂ ಬೇರೆ ಪುಟಕ್ಕೆ ಹೋಗಬೇಕು. ಕಮಾಂಡ್ ಮತ್ತು ಕಮಾಂಡ್‌ನ ನಡುವೆ ಸಿಕ್ಕಿಕೊಂಡ ವಿವರಣೆಯನ್ನು ಯಾರೂ ಓದುವುದಿಲ್ಲ, ಅದರೊಳಗೆ ಒಂದು ಮುಖ್ಯ ಎಚ್ಚರಿಕೆ ಇದ್ದರೆ ಅದೂ ಕಳೆದುಹೋಗುತ್ತದೆ.

ಆಮೇಲೆ ಮೂರು ಸಾಲು ಬರೆದುಕೊಳ್ಳಿ: ಓದುಗರಿಗೆ ಏನು ಗೊತ್ತಿದೆ, ಅವರ ಕೈಯಲ್ಲಿ ಏನಿದೆ, ಪುಟ ಮುಗಿದಾಗ ಅವರ ಬಳಿ ಏನಿರಬೇಕು. ಆವೃತ್ತಿಯನ್ನೂ ಅಲ್ಲೇ ಗುರುತು ಹಾಕಿ. ಕುಬರ್ನೆಟೀಸ್ ಯೋಜನೆ ಇತ್ತೀಚಿನ ಮೂರು ಕಿರು ಆವೃತ್ತಿಗಳನ್ನು (1.28, 1.29 ಎಂಬಂಥವು) ಮಾತ್ರ ನಿರ್ವಹಿಸುತ್ತದೆ, ಹೊಸ ಕಿರು ಆವೃತ್ತಿ ವರ್ಷಕ್ಕೆ ಮೂರು ಸಲ ಬರುತ್ತದೆ. ಹಾಗಾಗಿ ಆವೃತ್ತಿ ಬರೆಯದ ಕೈಪಿಡಿ ಸುಮಾರು ಒಂದು ವರ್ಷದ ನಂತರ ಯಾರಿಗೂ ಸೇರದ್ದಾಗುತ್ತದೆ.

ಎರಡನೆಯ ಹೆಜ್ಜೆ: ಹೊಚ್ಚಹೊಸ ಯಂತ್ರ

ನಿಮ್ಮ ದಿನನಿತ್ಯದ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಬೇಡಿ. ಅದರಲ್ಲಿ ಕಂಟೈನರ್‌ಗಳನ್ನು ನಡೆಸುವ ಡಾಕರ್ ಇದೆ, ಅದರ ಜೊತೆ ಕಂಟೈನರ್‌ಡಿ ಬಂದಿದೆ, ಕ್ಯೂಬ್‌ಸಿಟಿಎಲ್ (ಕ್ಲಸ್ಟರ್‌ಗೆ ಆದೇಶ ಕೊಡುವ ಸಾಧನ) ಸಂರಚನೆ ಆಗಲೇ ಕೂತಿದೆ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಎಂದೋ ಆಫ್ ಮಾಡಲಾಗಿದೆ. ಕೈಪಿಡಿ ಬಿಟ್ಟ ನಾಲ್ಕು ಮೆಟ್ಟಿಲುಗಳನ್ನು ನಿಮ್ಮ ಯಂತ್ರ ಸದ್ದಿಲ್ಲದೆ ತುಂಬಿಕೊಡುತ್ತದೆ; ಓದುಗರ ಯಂತ್ರ ತುಂಬಿಕೊಡುವುದಿಲ್ಲ.

ಕನಿಷ್ಠ ಎರಡು ವರ್ಚುವಲ್ ಯಂತ್ರಗಳನ್ನು ತೆಗೆದುಕೊಳ್ಳಿ: ಒಂದು ಕಂಟ್ರೋಲ್ ಪ್ಲೇನ್‌ಗೆ (ಕ್ಲಸ್ಟರನ್ನು ನಿಯಂತ್ರಿಸುವ ಭಾಗ), ಇನ್ನೊಂದು ವರ್ಕರ್‌ಗೆ (ನಿಮ್ಮ ತಂತ್ರಾಂಶ ನಡೆಯುವ ಯಂತ್ರ). ಕ್ಯೂಬ್‌ಎಡಿಎಂ ಕೇಳುವುದು ಪ್ರತಿ ಯಂತ್ರಕ್ಕೆ 2 ಜಿಬಿ ಮೆಮೊರಿ, ಕಂಟ್ರೋಲ್ ಪ್ಲೇನ್‌ಗೆ 2 ಸಿಪಿಯು. ನೀವೂ ಅಷ್ಟನ್ನೇ ಕೊಡಿ. 16 ಜಿಬಿ ಕೊಟ್ಟು ಪರೀಕ್ಷಿಸಿದರೆ "ಕನಿಷ್ಠ ಅಗತ್ಯ" ಎಂಬ ಸಾಲನ್ನು ನೀವು ಪರಿಶೀಲಿಸಿದಂತಾಗುವುದಿಲ್ಲ. ಯಂತ್ರ ತಯಾರಾದ ಕೂಡಲೇ ಸ್ನ್ಯಾಪ್‌ಶಾಟ್ ತೆಗೆದಿಡಿ, ಪ್ರತಿ ಸುತ್ತಿಗೂ ಅಲ್ಲಿಂದಲೇ ಶುರುಮಾಡಬಹುದು. ಟರ್ಮಿನಲ್‌ನಲ್ಲಿ ನಡೆಯುವುದೆಲ್ಲ ಒಂದು ಫೈಲಿಗೆ ದಾಖಲಾಗುವಂತೆಯೂ ನೋಡಿಕೊಳ್ಳಿ. ತಿದ್ದುಪಡಿ ಕಳುಹಿಸುವಾಗ ಈ ದಾಖಲೆಯೇ ನಿಮ್ಮ ಸಾಕ್ಷಿ.

ಒಂದು ಯಂತ್ರವನ್ನು ನಕಲು ಮಾಡಿ ಎರಡನೆಯದನ್ನು ತಯಾರಿಸುವುದು ನಮ್ಮಲ್ಲಿ ಎಲ್ಲರ ರೂಢಿ. ಆದರೆ ಪ್ರತಿ ನೋಡ್‌ಗೂ (ಕ್ಲಸ್ಟರಿನ ಒಂದೊಂದು ಯಂತ್ರ) ಹೋಸ್ಟ್‌ನೇಮ್, ಮ್ಯಾಕ್ ವಿಳಾಸ (ಜಾಲ ಕಾರ್ಡಿನ ಗುರುತು) ಮತ್ತು ಯಂತ್ರದ ಯುಯುಐಡಿ (ಅದಕ್ಕೇ ಮೀಸಲಾದ ಗುರುತಿನ ಸಂಖ್ಯೆ) ಬೇರೆಬೇರೆ ಇರಲೇಬೇಕು. ಅಧಿಕೃತ ಪುಟ ಇದನ್ನು ಹೇಳುತ್ತದೆ. ಕಂಪನಿಗಳ ಒಳಗಿನ ಕೈಪಿಡಿಗಳಲ್ಲಿ ಈ ಸಾಲು ಸುಲಭವಾಗಿ ಬಿಟ್ಟುಹೋಗುತ್ತದೆ. ಒಮ್ಮೆ ಬೇಕೆಂದೇ ನಕಲು ಯಂತ್ರದ ಮೇಲೆ ನಡೆಸಿ, ಕೈಪಿಡಿ ಓದುಗರನ್ನು ತಡೆಯುತ್ತದೆಯೇ ನೋಡಿ.

ಮೂರನೆಯ ಹೆಜ್ಜೆ: ಹೇಳಿದಷ್ಟನ್ನೇ ಮಾಡಿ

ಇದು ಕೇಳಲು ಸುಲಭ, ಪಾಲಿಸಲು ಕಷ್ಟ. ಅನುಭವವಿರುವವರ ಬೆರಳುಗಳು ತಾವಾಗಿಯೇ ಬಿಟ್ಟುಹೋದ ಕಮಾಂಡನ್ನು ಒತ್ತಿಬಿಡುತ್ತವೆ. ಹಾಗಾಗಿ ನಿಯಮ ಬಿಗಿಯಾಗಿರಲಿ: ಪುಟದಲ್ಲಿರುವುದನ್ನು ಕಾಪಿ ಮಾಡಿ ಅಂಟಿಸುವುದು ಬಿಟ್ಟು ಬೇರೇನನ್ನೂ ಟೈಪ್ ಮಾಡುವಂತಿಲ್ಲ. ಟೈಪ್ ಮಾಡಲೇಬೇಕಾಯಿತೇ? ಅದು ಒಂದು ದೋಷ, ಬರೆದುಕೊಳ್ಳಿ.

ಟಿಪ್ಪಣಿಯಲ್ಲಿ ನಾನು ಮೂರು ಗುರುತುಗಳನ್ನು ಬಳಸುತ್ತೇನೆ: ನಿಂತದ್ದು, ಊಹಿಸಿದ್ದು, ಹೊರಗೆ ಹುಡುಕಿದ್ದು. ಕಮಾಂಡ್ ಸೋತಲ್ಲಿ ನಿಲ್ಲುತ್ತೇವೆ. ಅದನ್ನು ಎಲ್ಲರೂ ದಾಖಲಿಸುತ್ತಾರೆ. ಊಹಿಸಿದ್ದನ್ನು ಯಾರೂ ದಾಖಲಿಸುವುದಿಲ್ಲ, ಏಕೆಂದರೆ ಊಹೆ ಸರಿಯಾಗಿದ್ದರೆ ಅದು ಊಹೆಯೆಂದೇ ಅನಿಸುವುದಿಲ್ಲ. "ಈ ಕಮಾಂಡನ್ನು ಎಲ್ಲ ನೋಡ್‌ಗಳಲ್ಲೂ ನಡೆಸಬೇಕೇ, ಮೊದಲನೆಯದರಲ್ಲಿ ಮಾತ್ರವೇ?" ಎಂದು ಅರೆಕ್ಷಣ ಯೋಚಿಸಿದಿರಾದರೆ ಕೈಪಿಡಿಯಲ್ಲಿ ಒಂದು ಮಾತು ಕಡಿಮೆಯಿದೆ. ಪರಿಶೀಲನೆಯ ನಿಜವಾದ ಫಸಲು ಈ ಅರೆಕ್ಷಣಗಳಲ್ಲೇ ಸಿಗುವುದು.

ಪ್ರತಿ ಘಟ್ಟದ ನಂತರ ಯಂತ್ರವನ್ನು ರೀಬೂಟ್ ಮಾಡಿ. ಇದನ್ನು ಮಾಡುವವರು ತೀರಾ ಕಡಿಮೆ, ಇದರಿಂದ ಸಿಗುವ ದೋಷಗಳು ಬಹಳ. ಬೇರೆ ಹೇಳದಿದ್ದರೆ, ಸ್ವಾಪ್ ಚಾಲೂ ಇರುವ ಯಂತ್ರದಲ್ಲಿ ಕ್ಯೂಬ್ಲೆಟ್ (ಪ್ರತಿ ನೋಡ್‌ನಲ್ಲೂ ಕೂತು ಕಂಟೈನರ್‌ಗಳನ್ನು ನೋಡಿಕೊಳ್ಳುವ ತಂತ್ರಾಂಶ) ಏಳುವುದಿಲ್ಲ, ಆದ್ದರಿಂದ ಸ್ವಾಪ್ ಆಫ್ ಮಾಡುವ ಕಮಾಂಡನ್ನು ಕೈಪಿಡಿ ಕೊಡುತ್ತದೆ. ಆ ಕಮಾಂಡ್‌ನ ಪರಿಣಾಮ ಮುಂದಿನ ರೀಬೂಟ್‌ವರೆಗೆ ಮಾತ್ರ. ಯಂತ್ರ ಏಳುವಾಗ ಓದುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಸ್ವಾಪ್‌ನ ಸಾಲನ್ನು ನಿಷ್ಕ್ರಿಯಗೊಳಿಸದಿದ್ದರೆ, ಎಂದೋ ಒಂದು ದಿನ ಕರೆಂಟು ಹೋಗಿ ಬಂದಾಗ ನೋಡ್ ಮೇಲೇಳುವುದಿಲ್ಲ. ಆಗ ಕೈಪಿಡಿಯನ್ನು ಯಾರೂ ಅನುಮಾನಿಸುವುದಿಲ್ಲ. ಐಪಿ ಫಾರ್ವರ್ಡಿಂಗ್ (ಜಾಲದ ಸಂಚಾರವನ್ನು ಮುಂದಕ್ಕೆ ದಾಟಿಸುವುದು) ಚಾಲೂ ಮಾಡುವ ಸಾಲಿಗೂ ಇದೇ ಮಾತು ಅನ್ವಯಿಸುತ್ತದೆ: ತಾತ್ಕಾಲಿಕವಾಗಿ ಹಾಕಿದ್ದೇ, ಸಂರಚನಾ ಫೈಲಿನಲ್ಲಿ ಬರೆದದ್ದೇ?

ಹತ್ತಿರದಿಂದ ಒಂದು ಭಾಗ: ಕಂಟೈನರ್‌ಡಿ

ಕ್ಲಸ್ಟರ್ ಕಟ್ಟುವ ಕೈಪಿಡಿಗಳಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಕಂಟೈನರ್ ರನ್‌ಟೈಮ್‌ನದು, ಅಂದರೆ ಕಂಟೈನರ್‌ಗಳನ್ನು ನಡೆಸುವ ತಂತ್ರಾಂಶದ್ದು. ಕುಬರ್ನೆಟೀಸ್‌ಗೂ ಡಾಕರ್‌ಗೂ ಸೇತುವೆಯಾಗಿದ್ದ ಡಾಕರ್‌ಶಿಮ್ ಇದ್ದ ಕಾಲದಲ್ಲಿ "ಡಾಕರ್ ಹಾಕಿಕೊಳ್ಳಿ" ಎಂದರೆ ಸಾಕಿತ್ತು. 2022ರ ಮೇ ತಿಂಗಳ 1.24ರಲ್ಲಿ ಅದನ್ನು ತೆಗೆದರು. ಈಗ ಹೆಚ್ಚಿನವರು ಕಂಟೈನರ್‌ಡಿ ಬಳಸುತ್ತಾರೆ, ಹಳೆಯ ಅಭ್ಯಾಸದಂತೆ ಡಾಕರ್‌ನ ಪ್ಯಾಕೇಜ್ ಭಂಡಾರದಿಂದಲೇ ಅದನ್ನು ತರುತ್ತಾರೆ. ಆ ಪ್ಯಾಕೇಜಿನ ಸಂರಚನಾ ಫೈಲಿನಲ್ಲಿ ಸಿಆರ್‌ಐ ಪ್ಲಗಿನ್ ನಿಷ್ಕ್ರಿಯವಾಗಿರುತ್ತದೆ. ರನ್‌ಟೈಮ್ ಜೊತೆ ಮಾತಾಡಲು ಕುಬರ್ನೆಟೀಸ್‌ಗೆ ಬೇಕಾದದ್ದು ಅದೇ ಪ್ಲಗಿನ್. ಕ್ಲಸ್ಟರನ್ನು ಹುಟ್ಟುಹಾಕುವ ಕ್ಯೂಬ್‌ಎಡಿಎಂ ಇನಿಟ್ ಕಮಾಂಡ್ ಆರಂಭದ ತಪಾಸಣೆಯಲ್ಲೇ ನಿಲ್ಲುತ್ತದೆ, ರನ್‌ಟೈಮ್ ಚಾಲೂ ಇಲ್ಲವೆಂಬ ಅರ್ಥದ ಸಂದೇಶ ಬರುತ್ತದೆ. ಓದುಗರು ನೋಡುತ್ತಾರೆ, ಕಂಟೈನರ್‌ಡಿ ಚಾಲೂ ಇದೆ! ಸಂದೇಶಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯಾಗದೆ ಗಂಟೆಗಳು ಕಳೆಯುತ್ತವೆ. ಕೈಪಿಡಿಯಲ್ಲಿ ಇದಕ್ಕೆ ಎರಡೇ ಸಾಲು ಸಾಕು, ಆದರೆ ಆ ಎರಡು ಸಾಲು ಇನಿಟ್ ಕಮಾಂಡ್‌ಗಿಂತ ಮೇಲಿರಬೇಕು.

ಮುಂದಿನ ತೊಡಕು ಸಿ-ಗ್ರೂಪ್ ಡ್ರೈವರ್‌ನದು, ಅಂದರೆ ಕಂಟೈನರ್‌ಗಳಿಗೆ ಮೆಮೊರಿ, ಸಿಪಿಯು ಹಂಚುವ ಲಿನಕ್ಸ್ ವ್ಯವಸ್ಥೆಯನ್ನು ನಿರ್ವಹಿಸುವ ಭಾಗದ್ದು. 1.22ರಿಂದ ಕ್ಯೂಬ್‌ಎಡಿಎಂ, ಬೇರೆ ಹೇಳದಿದ್ದರೆ, ಕ್ಯೂಬ್ಲೆಟ್‌ಗೆ ಸಿಸ್ಟಮ್‌ಡಿ (ಲಿನಕ್ಸ್‌ನ ಸೇವೆಗಳನ್ನು ನಡೆಸುವ ತಂತ್ರಾಂಶ) ಡ್ರೈವರನ್ನು ಕೊಡುತ್ತದೆ. ಕಂಟೈನರ್‌ಡಿಯ ಮೂಲ ಸಂರಚನೆಯಲ್ಲಿ ಸಿಸ್ಟಮ್‌ಡಿ ಆಯ್ಕೆ ಆಫ್ ಆಗಿರುತ್ತದೆ. ಎರಡೂ ಬೇರೆಯಾದಾಗ ಕ್ಲಸ್ಟರ್ ಕೂಡಲೇ ಸಾಯುವುದಿಲ್ಲ. ಮೇಲೇಳುತ್ತದೆ, ಸ್ವಲ್ಪ ಹೊತ್ತು ಸರಿಯಾಗಿಯೂ ಕಾಣುತ್ತದೆ, ಆಮೇಲೆ ಕಂಟ್ರೋಲ್ ಪ್ಲೇನ್‌ನ ಪಾಡ್‌ಗಳು (ಒಟ್ಟಿಗೆ ನಡೆಯುವ ಕಂಟೈನರ್‌ಗಳ ಗುಂಪುಗಳು) ಮತ್ತೆ ಮತ್ತೆ ಬಿದ್ದು ಏಳತೊಡಗುತ್ತವೆ. ಕಾರಣವಿದ್ದದ್ದು ಮೂರನೆಯ ಮೆಟ್ಟಿಲಲ್ಲಿ, ಲಕ್ಷಣ ಕಂಡದ್ದು ಒಂಬತ್ತನೆಯದರಲ್ಲಿ. ಇಂಥ ಕಡೆ "ಈ ಸಾಲನ್ನು ಹೀಗೆ ಬದಲಿಸಿ" ಎಂದಷ್ಟೇ ಬರೆದರೆ ಸಾಲದು. ಬದಲಿಸದಿದ್ದರೆ ಯಾವ ಲಕ್ಷಣ ಕಾಣುತ್ತದೆಂದೂ ಬರೆಯಬೇಕು, ಏಕೆಂದರೆ ಓದುಗರು ಹುಡುಕುವುದು ಲಕ್ಷಣವನ್ನು.

ಈ ಒಂದು ಸಾಲಿನ ತಿದ್ದುಪಡಿಯೂ ಆವೃತ್ತಿಯ ಹಂಗಿಗೆ ಸಿಕ್ಕಿದೆ. 2024ರ ನವೆಂಬರ್‌ನಲ್ಲಿ ಕಂಟೈನರ್‌ಡಿ 2.0 ಬಂದಾಗ ಸಂರಚನಾ ಫೈಲಿನ ಮಾದರಿ ಬದಲಾಯಿತು, ಪ್ಲಗಿನ್ ವಿಭಾಗದ ಹೆಸರೂ ಬದಲಾಯಿತು. ಹಳೆಯ ಹೆಸರಿನ ವಿಭಾಗವನ್ನು ಹೊಸ ಮಾದರಿಯ ಫೈಲಿಗೆ ಅಂಟಿಸಿದರೆ ನೀವು ಬಯಸಿದ ಕೆಲಸ ಆಗುವುದಿಲ್ಲ. ಆದ್ದರಿಂದ 1.x ಮತ್ತು 2.x ಎರಡಕ್ಕೂ ಬೇರೆ ಬೇರೆ ತುಣುಕು ಕೊಡಬೇಕು, ಅದಕ್ಕೂ ಮೊದಲು "ನಿಮ್ಮಲ್ಲಿರುವುದು ಯಾವುದು" ಎಂದು ತಿಳಿಯುವ ಕಮಾಂಡ್ ಇರಬೇಕು. ಕುಬರ್ನೆಟೀಸ್ 1.34ರಲ್ಲಿ ಇನ್ನೊಂದು ಬದಲಾವಣೆ ಸ್ಥಿರವಾಯಿತು: ಕ್ಯೂಬ್ಲೆಟ್ ರನ್‌ಟೈಮನ್ನೇ ಕೇಳಿ ಡ್ರೈವರ್ ಯಾವುದೆಂದು ತಿಳಿದುಕೊಳ್ಳುತ್ತದೆ, ಅದಕ್ಕೆ ಕಂಟೈನರ್‌ಡಿ 2.0 ಅಥವಾ ಮುಂದಿನದು ಬೇಕು. ಒಂದೇ ಪ್ಯಾರಾ, ಮೂರು ಕಾಲಘಟ್ಟ, ಮೂರು ಸತ್ಯ. ಪರಿಶೀಲಕರು ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ವಾಕ್ಯ ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ನಿಜ?

ನಾಲ್ಕನೆಯ ಹೆಜ್ಜೆ: ಓದುಗರ ಆಯ್ಕೆಗೆ ಬಿಟ್ಟ ಜಾಗಗಳನ್ನು ಹಿಡಿಯಿರಿ

ಇನಿಟ್ ಕಮಾಂಡ್‌ಗೆ ಪಾಡ್ ಜಾಲದ ವ್ಯಾಪ್ತಿ (ಪಾಡ್‌ಗಳಿಗೆ ಹಂಚುವ ಐಪಿ ವಿಳಾಸಗಳ ಸಾಲು) ಕೊಡಬೇಕಾಗುತ್ತದೆ. ಎಷ್ಟು ಕೊಡಬೇಕು? ಪಾಡ್‌ಗಳನ್ನು ಪರಸ್ಪರ ಜೋಡಿಸಲು ನೀವು ಹಾಕಲಿರುವ ನೆಟ್‌ವರ್ಕ್ ಪ್ಲಗಿನ್‌ನ ಮೇಲೆ ಅದು ನಿಂತಿದೆ. ಅಂಥ ಪ್ಲಗಿನ್‌ಗಳಲ್ಲಿ ಫ್ಲಾನೆಲ್‌ನ ಮೂಲ ಸಂರಚನೆ 10.244.0.0/16, ಕ್ಯಾಲಿಕೋದ್ದು 192.168.0.0/16. ಆದರೆ ಪ್ಲಗಿನ್ ಹಾಕುವ ಮಾತು ಪುಟದಲ್ಲಿ ಇನಿಟ್ ಕಮಾಂಡ್‌ನ ನಂತರ ಬರುತ್ತದೆ! ಮೊದಲ ಸಲ ಓದುವವರು ಇನ್ನೂ ಮಾಡದ ಆಯ್ಕೆಯ ಉತ್ತರವನ್ನು ಮೊದಲೇ ಬರೆಯಬೇಕು.

ಮೂರನೆಯವರ ಉತ್ಪನ್ನಗಳಲ್ಲಿ ಒಂದನ್ನು ಎತ್ತಿ ಹಿಡಿಯಬಾರದೆಂದು ಅಧಿಕೃತ ಡಾಕ್ಯುಮೆಂಟೇಶನ್ ಪ್ಲಗಿನ್‌ಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಆ ನೀತಿಗೆ ಕಾರಣವಿದೆ, ನಾನು ಅದನ್ನು ಗೌರವಿಸುತ್ತೇನೆ. ನಿಮ್ಮ ಕಂಪನಿಯ ಕೈಪಿಡಿಗೆ ಆ ನಿರ್ಬಂಧವಿಲ್ಲ. ಅಲ್ಲಿ ಒಂದನ್ನು ಆರಿಸಿ, ಹೆಸರು ಹೇಳಿ, ಆವೃತ್ತಿ ಹೇಳಿ, ಕಾರಣ ಹೇಳಿ. "ನಿಮಗಿಷ್ಟವಾದದ್ದನ್ನು ಹಾಕಿಕೊಳ್ಳಿ" ಎನ್ನುವುದು ಗೊತ್ತಿಲ್ಲದವರ ಹೆಗಲಿಗೆ ಗೊತ್ತಿರುವವರು ಭಾರ ದಾಟಿಸುವುದು.

ತಿದ್ದಿದ ಸಾಲು ಹೇಗಿರಬೇಕೆಂದು ಇಲ್ಲೇ ನೋಡೋಣ. ಮೊದಲಿನದು ಹೀಗಿದೆಯೆನ್ನಿ:

"ಸೂಕ್ತವಾದ ಪಾಡ್ ಜಾಲದ ವ್ಯಾಪ್ತಿಯನ್ನು ನೀಡಿ ಇನಿಟ್ ಕಮಾಂಡನ್ನು ನಡೆಸಿ. ನಂತರ ನೆಟ್‌ವರ್ಕ್ ಪ್ಲಗಿನ್ ಅಳವಡಿಸಿ."

ತಿದ್ದಿದ ಮೇಲೆ:

"ಈ ಕೈಪಿಡಿಯಲ್ಲಿ ಕ್ಯಾಲಿಕೋ ಬಳಸುತ್ತೇವೆ. ಅದರ ಮೂಲ ವ್ಯಾಪ್ತಿ 192.168.0.0/16. ನಿಮ್ಮ ಯಂತ್ರಗಳ ವಿಳಾಸ 192.168ರಿಂದ ಆರಂಭವಾಗುತ್ತಿದ್ದರೆ ಇದನ್ನು ಬಳಸಬೇಡಿ, ಪಾಡ್‌ಗಳ ಸಂಚಾರ ದಾರಿ ತಪ್ಪುತ್ತದೆ. ಅದರ ಬದಲು 10.244.0.0/16 ಕೊಡಿ, ಕ್ಯಾಲಿಕೋ ಸಂರಚನೆಯಲ್ಲೂ ಅದನ್ನೇ ಬರೆಯಿರಿ. ಇನಿಟ್ ಕಮಾಂಡನ್ನು ಕಂಟ್ರೋಲ್ ಪ್ಲೇನ್ ಯಂತ್ರದಲ್ಲಿ ಮಾತ್ರ ನಡೆಸಿ."

ಉದ್ದವಾಯಿತು, ನಿಜ. ಮನೆಯ ರೂಟರ್ ಹಿಂದೆ ಕೂತು ಕಲಿಯುವ ಬಹಳಷ್ಟು ಜನರ ಯಂತ್ರಗಳ ವಿಳಾಸ 192.168ರಿಂದಲೇ ಆರಂಭವಾಗುತ್ತದೆ. ಅವರಿಗೆ ಈ ಮೂರು ವಾಕ್ಯ ಹೆಚ್ಚೇನಲ್ಲ. ತಿದ್ದುವಿಕೆಯೆಂದರೆ ಯಾವಾಗಲೂ ಕತ್ತರಿಸುವುದು ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಐದನೆಯ ಹೆಜ್ಜೆ: ಪ್ರತಿ ಮೆಟ್ಟಿಲಿಗೂ ಒಂದು ಗುರುತು

ಇನಿಟ್ ಮುಗಿದ ಮೇಲೆ ನೋಡ್‌ಗಳ ಪಟ್ಟಿ ಕೇಳಿದರೆ "ಸಿದ್ಧವಿಲ್ಲ" ಎಂಬ ಸ್ಥಿತಿ ಕಾಣುತ್ತದೆ. ಕ್ಲಸ್ಟರಿನೊಳಗೆ ಹೆಸರುಗಳಿಗೆ ವಿಳಾಸ ಹುಡುಕಿಕೊಡುವ ಕೋರ್‌ಡಿಎನ್‌ಎಸ್ ಪಾಡ್‌ಗಳು ಕಾಯುತ್ತಾ ನಿಂತಿರುತ್ತವೆ. ನೆಟ್‌ವರ್ಕ್ ಪ್ಲಗಿನ್ ಹಾಕುವವರೆಗೆ ಇದು ಸಹಜ. ಪುಟ ಈ ಮಾತನ್ನು ಹೇಳದಿದ್ದರೆ ಓದುಗರು ಗಾಬರಿಯಾಗಿ ಎಲ್ಲವನ್ನೂ ಅಳಿಸಿ ಮೊದಲಿಂದ ಶುರುಮಾಡುತ್ತಾರೆ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಬಸ್ಸಿನಲ್ಲಿ ಹೊಸ ಊರಿಗೆ ಹೊರಟವರಿಗೆ ಮುಂದಿನ ನಿಲ್ದಾಣದ ಹೆಸರು ಎಷ್ಟು ಧೈರ್ಯ ಕೊಡುತ್ತದೋ, ಕಮಾಂಡ್‌ನ ಕೆಳಗೆ ಬರೆದ "ಈಗ ಹೀಗೆ ಕಾಣಬೇಕು" ಎಂಬ ಸಾಲೂ ಅಷ್ಟೇ ಧೈರ್ಯ ಕೊಡುತ್ತದೆ. ಪ್ರತಿ ಮೆಟ್ಟಿಲಿಗೂ ಅದನ್ನು ಸೇರಿಸಿ. ಕಮಾಂಡ್ ಒಂದು ಚೌಕದಲ್ಲಿರಲಿ, ಅದರ ಫಲ ಬೇರೆ ಚೌಕದಲ್ಲಿರಲಿ. ಎರಡನ್ನೂ ಬೆರೆಸಿದರೆ ಕಾಪಿ ಮಾಡಿದವರು ಫಲವನ್ನೂ ಟರ್ಮಿನಲ್‌ಗೆ ಅಂಟಿಸುತ್ತಾರೆ. ಕಮಾಂಡ್‌ನ ಮುಂದಿನ ಡಾಲರ್ ಚಿಹ್ನೆಯನ್ನು ತೆಗೆದುಹಾಕಿ. ಕುಬರ್ನೆಟೀಸ್‌ನ ಶೈಲಿ ಕೈಪಿಡಿಯೂ ಇದನ್ನೇ ಹೇಳುತ್ತದೆ. ನಿರೀಕ್ಷಿತ ಫಲವನ್ನು ನಿಮ್ಮ ದಾಖಲೆಯಿಂದಲೇ ತೆಗೆದುಕೊಳ್ಳಿ, ನೆನಪಿನಿಂದ ಬರೆಯಬೇಡಿ.

ಆರನೆಯ ಹೆಜ್ಜೆ: ಮಾರನೆಯ ದಿನ ಮತ್ತೆ ನಡೆಸಿ

ಒಂದೇ ಕೂರಿಕೆಯಲ್ಲಿ ಪರೀಕ್ಷಿಸಿದರೆ ಕಾಲಕ್ಕೆ ಸಂಬಂಧಿಸಿದ ದೋಷಗಳು ಸಿಗುವುದೇ ಇಲ್ಲ. ಇನಿಟ್ ಮುಗಿದಾಗ ಪರದೆಯ ಮೇಲೆ ಬರುವ, ಬೇರೆ ಯಂತ್ರವನ್ನು ಕ್ಲಸ್ಟರ್‌ಗೆ ಸೇರಿಸುವ ಜಾಯಿನ್ ಕಮಾಂಡ್‌ನಲ್ಲಿ ಒಂದು ಟೋಕನ್ (ಪ್ರವೇಶದ ಗುಪ್ತ ಸಂಕೇತ) ಇರುತ್ತದೆ, ಅದರ ಆಯಸ್ಸು 24 ಗಂಟೆ. ಇಂದು ಕಂಟ್ರೋಲ್ ಪ್ಲೇನ್ ಕಟ್ಟಿ ನಾಳೆ ಸಂಜೆ ವರ್ಕರ್ ಸೇರಿಸಲು ಹೋದವರಿಗೆ ಕಮಾಂಡ್ ಸೋಲುತ್ತದೆ. ಇನ್ನೊಂದು ಕಂಟ್ರೋಲ್ ಪ್ಲೇನ್ ಸೇರಿಸಲು ಕ್ಲಸ್ಟರ್‌ಗೆ ಏರಿಸಿದ ಪ್ರಮಾಣಪತ್ರಗಳು (ಕ್ಲಸ್ಟರಿನ ಭಾಗಗಳು ಒಂದನ್ನೊಂದು ಗುರುತಿಸುವ ಡಿಜಿಟಲ್ ದಾಖಲೆಗಳು) ಎರಡೇ ಗಂಟೆಯಲ್ಲಿ ಅಳಿಯುತ್ತವೆ. ಹೊಸ ಟೋಕನ್ ಪಡೆಯುವ, ಪ್ರಮಾಣಪತ್ರಗಳನ್ನು ಮತ್ತೆ ಏರಿಸುವ ಕಮಾಂಡ್‌ಗಳು ಜಾಯಿನ್ ಮೆಟ್ಟಿಲಿನ ಪಕ್ಕದಲ್ಲೇ ಇರಬೇಕು, ಪುಟದ ಕೊನೆಯ "ತೊಂದರೆಗಳು" ಭಾಗದಲ್ಲಲ್ಲ.

ಇನ್ನೂ ದೂರದ ಗಡುವು ಪ್ರಮಾಣಪತ್ರಗಳದ್ದು. ಕ್ಯೂಬ್‌ಎಡಿಎಂ ಮಾಡಿಕೊಡುವ ಪ್ರಮಾಣಪತ್ರಗಳ ಆಯಸ್ಸು ಒಂದು ವರ್ಷ, ಅವಕ್ಕೆ ಸಹಿ ಹಾಕುವ ಮೂಲ ಪ್ರಮಾಣಪತ್ರದ್ದು ಹತ್ತು ವರ್ಷ. ಕ್ಯೂಬ್‌ಎಡಿಎಂ ಮೂಲಕ ಆವೃತ್ತಿ ಏರಿಸಿದಾಗಲೆಲ್ಲ ಇವು ತಾವಾಗಿ ನವೀಕರಣಗೊಳ್ಳುತ್ತವೆ. ಹಾಗಾಗಿ ನಿಯಮಿತವಾಗಿ ಏರಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ವರ್ಷ ಕ್ಲಸ್ಟರನ್ನು ಮುಟ್ಟದವರಿಗೆ ಒಂದು ಬೆಳಿಗ್ಗೆ ಎಲ್ಲ ನಿಂತಿರುತ್ತದೆ. ಇನ್‌ಸ್ಟಾಲ್ ಕೈಪಿಡಿಯಲ್ಲೇ ಈ ದಿನಾಂಕವನ್ನು ಕ್ಯಾಲೆಂಡರ್‌ಗೆ ಹಾಕಿಕೊಳ್ಳುವಂತೆ ಹೇಳಿ. ಏರಿಸುವಾಗ ಕಿರು ಆವೃತ್ತಿಗಳನ್ನು ಹಾರಿಸುವಂತಿಲ್ಲ, ಹೊಸ ಪ್ಯಾಕೇಜ್ ಭಂಡಾರದಲ್ಲಿ ಪ್ರತಿ ಕಿರು ಆವೃತ್ತಿಗೂ ಪ್ರತ್ಯೇಕ ವಿಳಾಸವಿದೆ. ವಿಳಾಸ ಬದಲಿಸದೆ ಏರಿಸಲು ಹೋದರೆ "ಹೊಸದೇನೂ ಇಲ್ಲ" ಎಂದೇ ಕಾಣುತ್ತದೆ. ಇದನ್ನೂ ಪುಟ ಹೇಳಬೇಕು.

ಏಳನೆಯ ಹೆಜ್ಜೆ: ಅಪಾಯದ ಮಾತು ಅಪಾಯಕ್ಕಿಂತ ಮೊದಲು

ಎಚ್ಚರಿಕೆ ಕಮಾಂಡ್‌ನ ಮೇಲಿರಬೇಕು. ಕೆಳಗಿದ್ದರೆ ಅದು ಎಚ್ಚರಿಕೆಯಲ್ಲ, ಸಂತಾಪ ಸೂಚನೆ. ಆಡಳಿತಗಾರರ ಸಂರಚನಾ ಫೈಲನ್ನು ನಕಲು ಮಾಡುವ ಸಾಲಿನ ಮೇಲೆ, ಅದನ್ನು ಯಾರೊಂದಿಗೂ ಹಂಚಿಕೊಳ್ಳಬಾರದೆಂದು ಬರೆಯಿರಿ. ಕ್ಯೂಬ್‌ಎಡಿಎಂ ರಿಸೆಟ್ ಕಮಾಂಡ್ ಕ್ಲಸ್ಟರಿನ ಗುರುತುಗಳನ್ನು ಅಳಿಸುತ್ತದೆ, ಆದರೆ ನೆಟ್‌ವರ್ಕ್ ಪ್ಲಗಿನ್‌ನ ಸಂರಚನೆಯನ್ನೂ ಫೈರ್‌ವಾಲ್ ನಿಯಮಗಳನ್ನೂ ಬಳಕೆದಾರರ ಸಂರಚನಾ ಫೈಲನ್ನೂ ಹಾಗೇ ಬಿಡುತ್ತದೆ. "ರಿಸೆಟ್ ಮಾಡಿ ಮತ್ತೆ ಶುರುಮಾಡಿ" ಎಂದಷ್ಟೇ ಹೇಳುವ ಕೈಪಿಡಿ ಎರಡನೆಯ ಸುತ್ತಿನಲ್ಲಿ ವಿಚಿತ್ರ ದೋಷಗಳನ್ನು ಹುಟ್ಟಿಸುತ್ತದೆ. ಬಿಚ್ಚುವ ಕ್ರಮವನ್ನೂ ಕಟ್ಟುವ ಕ್ರಮದಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿ: ಬಿಚ್ಚಿ, ಅದೇ ಯಂತ್ರದಲ್ಲಿ ಮತ್ತೆ ಕಟ್ಟಿ ನೋಡಿ.

ಎಚ್ಚರಿಕೆಯ ಚೌಕಗಳು ಪುಟದ ತುಂಬ ಇದ್ದರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಕೆಲಸ ಹಾಳಾಗುವಲ್ಲಿ, ದತ್ತಾಂಶ ಕಳೆಯುವಲ್ಲಿ ಮಾತ್ರ ಉಳಿಸಿ, ಮಿಕ್ಕವನ್ನು ಸಾದಾ ವಾಕ್ಯಗಳಾಗಿಸಿ.

ಎಂಟನೆಯ ಹೆಜ್ಜೆ: ಈಗ ಭಾಷೆ

ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈ ಕೆಲಸಕ್ಕೆ ಬಂದವರಿಗೆ ಒಂದು ನಿಜವಾದ ಮೇಲುಗೈ ಇದೆ ಎಂದು ನಾನು ನಂಬಿದ್ದೇನೆ. ಇಂಗ್ಲಿಷ್ ಕೈಪಿಡಿಯನ್ನು ಓದುವಾಗ ಎಲ್ಲಿ ಎರಡನೆಯ ಸಲ ಓದಬೇಕಾಯಿತೋ ಅಲ್ಲಿ ಜಗತ್ತಿನ ಬಹಳಷ್ಟು ಓದುಗರೂ ನಿಲ್ಲುತ್ತಾರೆ. ಕುಬರ್ನೆಟೀಸ್ ಓದುವವರಲ್ಲಿ ಇಂಗ್ಲಿಷ್ ಮನೆಮಾತಲ್ಲದವರು ತುಂಬ ಮಂದಿ. "ನನ್ನ ಇಂಗ್ಲಿಷ್ ಸಾಲದು" ಎಂದುಕೊಂಡು ಸುಮ್ಮನಾಗಬೇಡಿ. ವಾಕ್ಯವನ್ನು ಎರಡಾಗಿ ಒಡೆಯಲು, ನುಡಿಗಟ್ಟಿನ ಬದಲು ನೇರ ಮಾತು ಹಾಕಲು ಸೂಚಿಸಿ. ಯೋಜನೆಯ ಶೈಲಿ ಕೈಪಿಡಿ ನಿಮ್ಮ ಪರವಾಗಿದೆ: ವರ್ತಮಾನ ಕಾಲ, ನೇರ ಕರ್ತರಿ ಪ್ರಯೋಗ, ಓದುಗರನ್ನು "ನೀವು" ಎನ್ನುವುದು, ಲ್ಯಾಟಿನ್ ಸಂಕ್ಷೇಪಗಳನ್ನು ಬಿಡುವುದು.

ಎರಡು ಬಗೆಯ ಪದಗಳನ್ನು ಹುಡುಕಿ ತೆಗೆಯಿರಿ. "ಸುಮ್ಮನೆ", "ಸುಲಭವಾಗಿ" ಎಂಬ ಅರ್ಥದವು ಮೊದಲನೆಯವು. ಕೆಲಸ ಆಗದೆ ಕೂತವರಿಗೆ ಇವು ಅವಮಾನದಂತೆ ಕೇಳುತ್ತವೆ. "ಸದ್ಯಕ್ಕೆ", "ಹೊಸ", "ಇತ್ತೀಚಿನ" ಎಂಬಂಥವು ಎರಡನೆಯವು. ಆರು ತಿಂಗಳಲ್ಲಿ ಸುಳ್ಳಾಗುತ್ತವೆ, ಅವುಗಳ ಜಾಗದಲ್ಲಿ ಆವೃತ್ತಿಯ ಸಂಖ್ಯೆ ಬರೆಯಿರಿ. ಓದುಗರು ತುಂಬಬೇಕಾದ ಖಾಲಿ ಜಾಗಗಳಿಗೆ ಕೋನಾವರಣ (< >) ಹಾಕಿ, ಪ್ರತಿಯೊಂದರಲ್ಲಿ ಏನು ತುಂಬಬೇಕು, ಅದು ಎಲ್ಲಿ ಸಿಗುತ್ತದೆಂದು ಕೆಳಗೆ ತಿಳಿಸಿ.

ಒಂಬತ್ತನೆಯ ಹೆಜ್ಜೆ: ತಿದ್ದುಪಡಿ ಕಳುಹಿಸುವುದು

ಕುಬರ್ನೆಟೀಸ್‌ನ ಡಾಕ್ಯುಮೆಂಟೇಶನ್ ಗಿಟ್‌ಹಬ್‌ನಲ್ಲಿ, ಮಾರ್ಕ್‌ಡೌನ್ ಫೈಲುಗಳಾಗಿ ಇದೆ. ಹ್ಯೂಗೋ ಎಂಬ ಸಾಧನ ಅದನ್ನು ಜಾಲತಾಣವಾಗಿಸುತ್ತದೆ. ಮೊದಲ ತಿದ್ದುಪಡಿಗೆ ಮುನ್ನ ಕೊಡುಗೆದಾರರ ಒಪ್ಪಂದಕ್ಕೆ ಸಹಿ ಹಾಕಬೇಕು. ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದ ಮೇಲೆ ನೆಟ್ಲಿಫೈ ಸೇವೆ ಒಂದು ಮುನ್ನೋಟದ ಕೊಂಡಿ ಕೊಡುತ್ತದೆ. ಅದನ್ನು ತೆರೆದು ಪುಟ ಹೇಗೆ ಕಾಣುತ್ತದೆಂದು ನೀವೇ ನೋಡಿ. ಪರಿಶೀಲಕರೊಬ್ಬರು "ಎಲ್‌ಜಿಟಿಎಂ" (ನನಗೆ ಸರಿ ಕಾಣುತ್ತದೆ) ಎನ್ನುತ್ತಾರೆ, ಅಧಿಕಾರವುಳ್ಳವರು "ಅಪ್ರೂವ್" ಎನ್ನುತ್ತಾರೆ, ಎರಡೂ ಬಂದ ಮೇಲೆ ಪ್ರೌ ಎಂಬ ಬಾಟ್ ಅದನ್ನು ಸೇರಿಸುತ್ತದೆ. ಭಾಷೆಯನ್ನು ನೋಡುವವರು ಡಾಕ್ಸ್ ವಿಶೇಷಾಸಕ್ತಿ ಗುಂಪಿನವರು. ಕ್ಯೂಬ್‌ಎಡಿಎಂ ನಡವಳಿಕೆ ಸರಿಯಿದೆಯೇ ಎಂದು ಹೇಳಬಲ್ಲವರು ಕ್ಲಸ್ಟರ್ ಲೈಫ್‌ಸೈಕಲ್ ಗುಂಪಿನವರು. ತಾಂತ್ರಿಕ ಬದಲಾವಣೆಯಾದರೆ ಎರಡನೆಯವರನ್ನು ಕರೆಯದೆ ಮುಂದುವರಿಯಬೇಡಿ.

ಒಂದು ಪುಲ್ ರಿಕ್ವೆಸ್ಟ್‌ನಲ್ಲಿ ಒಂದೇ ವಿಷಯವಿರಲಿ. ಸಿ-ಗ್ರೂಪ್ ವಿವರಣೆಯ ತಿದ್ದುಪಡಿಯ ಜೊತೆ ಇಪ್ಪತ್ತು ಕಾಗುಣಿತ ಸೇರಿಸಿದರೆ ಮುಖ್ಯವಾದದ್ದು ತಿಂಗಳುಗಟ್ಟಲೆ ಕಾಯುತ್ತದೆ. ವಿವರಣೆಯಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್, ಯಾವ ಆವೃತ್ತಿ, ಏನು ನಡೆಸಿದಿರಿ, ಏನು ಬಂತು ಎಂದು ಬರೆಯಿರಿ, ದಾಖಲೆಯ ತುಣುಕನ್ನು ಅಂಟಿಸಿ. ಇನ್ನೊಬ್ಬರ ಬರಹಕ್ಕೆ ಟಿಪ್ಪಣಿ ಹಾಕುವಾಗ "ಅಸ್ಪಷ್ಟ" ಎಂದು ಬಿಡಬೇಡಿ. ಬದಲಿ ವಾಕ್ಯವನ್ನೇ ಕೊಡಿ, ಅವರು ಒಂದು ಗುಂಡಿ ಒತ್ತಿ ಒಪ್ಪುವಂತಿರಲಿ.

ಕ್ಯೂಬ್‌ಎಡಿಎಂ ಕಮಾಂಡ್‌ಗಳ ಆಕರ ಪುಟಗಳಲ್ಲಿ ಹಲವು ಮೂಲ ಕೋಡ್‌ನಿಂದ ತಾವಾಗಿ ತಯಾರಾಗುತ್ತವೆ. ಜಾಲತಾಣದ ಫೈಲಿನಲ್ಲಿ ತಿದ್ದಿದರೆ ಮುಂದಿನ ಬಿಡುಗಡೆಯಲ್ಲಿ ನಿಮ್ಮ ಶ್ರಮ ಅಳಿಸಿಹೋಗುತ್ತದೆ. ಅಂಥ ತಿದ್ದುಪಡಿಯನ್ನು ಮೂಲ ಕೋಡ್‌ನ ಭಂಡಾರಕ್ಕೇ ಕಳುಹಿಸಬೇಕು. ತಲೆಬರಹಗಳನ್ನು ಬದಲಿಸುವಾಗಲೂ ಎಚ್ಚರ: ಅವುಗಳಿಗೆ ಹೊರಗಿನಿಂದ ಕೊಂಡಿಗಳಿರುತ್ತವೆ. ಹಿಂದಿ, ಬಂಗಾಳಿ ಸೇರಿದಂತೆ ಹಲವು ಭಾಷೆಗಳ ಅನುವಾದಗಳೂ ಇಂಗ್ಲಿಷ್ ಪುಟವನ್ನು ಅನುಸರಿಸುತ್ತವೆ.

ಹತ್ತನೆಯ ಹೆಜ್ಜೆ: ಒಳಗಿನ ಕೈಪಿಡಿಗಳನ್ನು ಜೀವಂತವಾಗಿಡುವುದು

ಪ್ರತಿ ಪುಟದ ತಲೆಯ ಮೇಲೆ ಹೊಣೆಗಾರರ ಹೆಸರು, ಪರೀಕ್ಷಿಸಿದ ಆವೃತ್ತಿ, ಪರೀಕ್ಷಿಸಿದ ದಿನಾಂಕ ಇರಲಿ. "ಕೊನೆಯ ಬಾರಿ ತಿದ್ದಿದ ದಿನಾಂಕ" ಸಾಲದು, ಕಾಗುಣಿತ ತಿದ್ದಿದವರೂ ಅದನ್ನು ಹೊಸದಾಗಿಸುತ್ತಾರೆ.

ಸತ್ತ ಹೆಸರುಗಳ ಒಂದು ಪಟ್ಟಿ ಮಾಡಿ, ಎಲ್ಲ ಪುಟಗಳಲ್ಲೂ ಸ್ವಯಂಚಾಲಿತವಾಗಿ ಹುಡುಕಿಸಿ. ಮೇಲೆ ಹೇಳಿದ ಹಳೆಯ ಪ್ಯಾಕೇಜ್ ಭಂಡಾರದ ವಿಳಾಸ ಅದರಲ್ಲಿ ಮೊದಲನೆಯದು. 2023ರ ಏಪ್ರಿಲ್ 3ರಂದು ಹೊಸ ಇಮೇಜ್‌ಗಳನ್ನು (ಕಂಟೈನರ್‌ಗಳ ಅಚ್ಚುಗಳು) ಸೇರಿಸುವುದು ನಿಂತ ಹಳೆಯ ಇಮೇಜ್ ಭಂಡಾರದ ಹೆಸರನ್ನೂ ಸೇರಿಸಿ. 1.25ರಲ್ಲಿ ಹೋದ ಪಾಡ್ ಸೆಕ್ಯುರಿಟಿ ಪಾಲಿಸಿ, 1.22ರಲ್ಲಿ ಹೋದ ಇಂಗ್ರೆಸ್‌ನ (ಹೊರಗಿನ ಕೋರಿಕೆಗಳನ್ನು ಕ್ಲಸ್ಟರಿನೊಳಗೆ ಬಿಡುವ ನಿಯಮ) ಬೀಟಾ ಆವೃತ್ತಿಗಳು, "ಮಾಸ್ಟರ್" ಎಂಬ ಹಳೆಯ ಟೇಂಟ್ (ಸಾಮಾನ್ಯ ಪಾಡ್‌ಗಳನ್ನು ನೋಡ್‌ನಿಂದ ದೂರವಿಡುವ ಗುರುತು), ಇವೂ ಇರಲಿ. ಒಂದೇ ಯಂತ್ರದ ಕ್ಲಸ್ಟರ್ ಕಟ್ಟುವ ಹಳೆಯ ಪಾಠಗಳು ಆ "ಮಾಸ್ಟರ್" ಟೇಂಟ್ ತೆಗೆಯುವ ಕಮಾಂಡ್ ಕೊಡುತ್ತವೆ. ಈಗ ಆ ಹೆಸರಿನ ಟೇಂಟೇ ಇಲ್ಲ, "ಕಂಟ್ರೋಲ್ ಪ್ಲೇನ್" ಎಂಬುದಿದೆ. ಕಮಾಂಡ್ ದೋಷ ತೋರಿಸುತ್ತದೆ, ಪಾಡ್‌ಗಳು ಕಾಯುತ್ತಲೇ ಇರುತ್ತವೆ.

ಹೊಸ ಕಿರು ಆವೃತ್ತಿ ಬಂದಾಗಲೆಲ್ಲ, ಅಂದರೆ ವರ್ಷಕ್ಕೆ ಮೂರು ಸಲ, ಸ್ನ್ಯಾಪ್‌ಶಾಟ್‌ನಿಂದ ಯಂತ್ರ ಎಬ್ಬಿಸಿ ಪುಟವನ್ನು ಮೊದಲಿಂದ ಕ್ರಮವಾಗಿ ನಡೆಸಿ. ಈ ಕೆಲಸವನ್ನು ತಂಡಕ್ಕೆ ಹೊಸದಾಗಿ ಸೇರಿದವರಿಗೆ ಕೊಡುವುದು ಒಳ್ಳೆಯದು, ಆದರೆ ಅವರು ಎಡವಿದ ಜಾಗಗಳನ್ನು ತಿದ್ದುವ ಅಧಿಕಾರವನ್ನೂ ಅವರಿಗೇ ಕೊಡಿ. ಹಿರಿಯರು ಪಕ್ಕದಲ್ಲಿ ಕೂತು ನೋಡಬಹುದು, ಬಾಯಿ ಬಿಡಬಾರದು. ಹಿರಿಯರು ಬಾಯಿಮಾತಿನಲ್ಲಿ ಹೇಳಿಕೊಟ್ಟದ್ದು ಪುಟಕ್ಕೆ ಸೇರುವುದಿಲ್ಲ.

ಯಾರೂ ಹೊಣೆ ಹೊರದ, ಎರಡು ಬಿಡುಗಡೆಗಳಿಂದ ಪರೀಕ್ಷಿಸದ ಪುಟವಿದ್ದರೆ ಅಳಿಸಿಬಿಡಿ, ಹಳೆಯ ವಿಳಾಸ ಅಧಿಕೃತ ಪುಟಕ್ಕೆ ಹೋಗುವಂತೆ ಮಾಡಿ. ಅಳಿಸುವ ಮುನ್ನ ಒಮ್ಮೆ ಓದಿ: ನಿಮ್ಮ ಜಾಲದ ವಿಳಾಸ ವ್ಯಾಪ್ತಿ, ಪ್ರಾಕ್ಸಿ, ಒಳಗಿನ ಪ್ರಮಾಣಪತ್ರದಂಥ ನಿಮ್ಮ ಕಂಪನಿಗೇ ಸೇರಿದ ನಾಲ್ಕಾರು ಸಾಲುಗಳು ಅದರಲ್ಲಿ ಇರುತ್ತವೆ. ಅವನ್ನು ಮಾತ್ರ ಎತ್ತಿ, ಪರೀಕ್ಷಿಸಿ, ಒಂದು ಚಿಕ್ಕ ಪುಟ ಮಾಡಿ ಇಟ್ಟುಕೊಳ್ಳಿ.